ಮೈತ್ರಿ ನೆಲೆಯ ದಕ್ಷಿಣಕ್ಕಿರುವ ವೋಲ್ಟಾಟ್ ಪರ್ವತಗಳು: ಕಂಡವರು ಯಾರು, ಹೆಸರಿಟ್ಟವರು ಯಾರು?

ನಕ್ಷೆಮನೆ:

ಎಲ್ಲರಿಗೂ ನಮಸ್ಕಾರ. ಶಾಲೆಯ ಗೋಡೆಗೆಂದು ಅಂಟಾರ್ಕ್ಟಿಕಾದ ಒಂದು ದೊಡ್ಡ ನಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಿರ್ಮಾಕರ್ ಓಯಸಿಸ್ಸಿನಲ್ಲಿ (ಹಿಮ ಮುಚ್ಚದ ಬಂಡೆ ನೆಲ) ಭಾರತದ ಮೈತ್ರಿ ನೆಲೆಯನ್ನು ಗುರುತಿಸುವವರೆಗೆ ಕೆಲಸ ಸರಾಗವಾಗಿತ್ತು. ಅಲ್ಲಿಂದ ದಕ್ಷಿಣಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್ ಸರಿದರೆ ಸಿಗುವ ಪರ್ವತ ಸಮೂಹದ ಬಳಿ ಬಂದು ನನ್ನ ಪೆನ್ನು ನಿಂತಿದೆ. ಅದಕ್ಕೆ ವೋಲ್ಟಾಟ್ ಎಂಬ ಜರ್ಮನ್ ಹೆಸರಿದೆ. ಆದರೆ ಅದಿರುವ ಪ್ರದೇಶಕ್ಕೆ ನಾರ್ವೆಯ ರಾಣಿ ಮೌಡ್ ಅವರ ಹೆಸರು, ಪಕ್ಕದ ಓರ್ವಿನ್ ಪರ್ವತಗಳಿಗೆ ನಾರ್ವೆಯ ವಿಜ್ಞಾನಿಯೊಬ್ಬರ ಹೆಸರು, ಉತ್ತರದ ಓಯಸಿಸ್ಸಿನಲ್ಲಿ ರಷ್ಯದ ಒಂದು ನೆಲೆ, ನಮ್ಮ ಒಂದು ನೆಲೆ. ಒಕ್ಕಲೇ ಇಲ್ಲದ ನೆಲದಲ್ಲಿ ಇಷ್ಟು ಭಾಷೆಗಳು ಹೇಗೆ ಬಂದು ಕೂತವು? ಮೊದಲು ಕಂಡವರು ಹೆಸರಿಟ್ಟರೋ, ಹೆಸರಿಡಲೆಂದೇ ಯಾರಾದರೂ ಹೋಗಿದ್ದರೋ? ನಕ್ಷೆಯಲ್ಲಿ ಯಾವ ಹೆಸರನ್ನು ಬರೆಯುವುದು ಸರಿ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಭೂಗೋಳದ ಮೇಷ್ಟ್ರು:

ಹೆಸರಿಡಲೆಂದೇ ಹೋಗಿದ್ದರೋ ಎಂದು ನೀವು ತಮಾಷೆಗೆ ಕೇಳಿರಬಹುದು, ಆದರೆ ಉತ್ತರ ಬಹುಮಟ್ಟಿಗೆ ಹೌದು ಎಂದೇ.

1930ರ ದಶಕದ ಜರ್ಮನಿಯಲ್ಲಿ ಕೊಬ್ಬಿನ ಕೊರತೆ ಸರ್ಕಾರದ ಮಟ್ಟದ ಚಿಂತೆಯಾಗಿತ್ತು. ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರೀನ್‌ಗೆ ಬೇಕಾದ ತಿಮಿಂಗಿಲದ ಎಣ್ಣೆಯನ್ನು ವಿದೇಶಿ ವಿನಿಮಯ ತೆತ್ತು ನಾರ್ವೆಯಿಂದ ಕೊಳ್ಳಬೇಕಾಗಿತ್ತು. ತಮ್ಮದೇ ಬೇಟೆ ಹಡಗುಗಳನ್ನು ದಕ್ಷಿಣ ಸಾಗರಕ್ಕೆ ಕಳುಹಿಸತೊಡಗಿದ ಮೇಲೆ, ಆ ಕರಾವಳಿಯಲ್ಲಿ ತಮ್ಮದು ಎನ್ನಲು ಒಂದಿಷ್ಟು ನೆಲವೂ ಇರಲಿ ಎಂಬ ಯೋಚನೆ ಹಿಟ್ಲರನ ಆಪ್ತ ಸಚಿವ ಗೋರಿಂಗ್‌ನ ಕೈಕೆಳಗಿದ್ದ ನಾಲ್ಕು ವರ್ಷಗಳ ಯೋಜನೆಯ ಕಚೇರಿಯಲ್ಲಿ ಬಲಿಯಿತು. ಯಾತ್ರೆಯ ಏರ್ಪಾಡನ್ನು ನೋಡಿಕೊಂಡ ಅಲ್ಲಿನ ಅಧಿಕಾರಿಯೇ ಹೆಲ್ಮುಟ್ ವೋಲ್ಟಾಟ್. ಆತ ಪರ್ವತಾರೋಹಿಯಲ್ಲ, ಭೂಗೋಳ ಬಲ್ಲವನೂ ಅಲ್ಲ. ಅದೇ 1939ರಲ್ಲಿ ರುಮೇನಿಯಾದೊಡನೆ ವ್ಯಾಪಾರ ಒಪ್ಪಂದದ ಮಾತುಕತೆ ನಡೆಸಿದ, ಲೆಕ್ಕಪತ್ರಗಳಲ್ಲಿ ಪಳಗಿದ ಮನುಷ್ಯ. ಯಾತ್ರೆಗೆ ಹಣ ಹೊಂದಿಸಿಕೊಟ್ಟವರ ಋಣವನ್ನು ಯಾತ್ರಿಕರು ಪರ್ವತದಲ್ಲಿ ತೀರಿಸಿದರು ಎನ್ನಬೇಕು.

ಕ್ಯಾಪ್ಟನ್ ಆಲ್ಫ್ರೆಡ್ ರಿಟ್ಷರ್ ಅವರ ನೇತೃತ್ವದಲ್ಲಿ ‘ಶ್ವಾಬೆನ್‌ಲಾಂಡ್’ ಎಂಬ ಹಡಗು 1938ರ ಡಿಸೆಂಬರ್ 17ರಂದು ಹ್ಯಾಂಬರ್ಗ್ ಬಂದರನ್ನು ಬಿಟ್ಟಿತು. ಅದು ಲುಫ್ತ್‌ಹಾನ್ಸಾ ಕಂಪನಿಯವರು ಅಟ್ಲಾಂಟಿಕ್ ಸಾಗರದ ಅಂಚೆ ವಿಮಾನಗಳಿಗಾಗಿ ಬಳಸುತ್ತಿದ್ದ ಹಡಗು. ಕವಣೆಯಿಂದ ಕಲ್ಲು ಬೀರಿದಂತೆ ವಿಮಾನವನ್ನು ಆಕಾಶಕ್ಕೆ ಚಿಮ್ಮಿಸುವ ಯಂತ್ರ ಅದರ ಮೇಲಿತ್ತು. ಜೊತೆಯಲ್ಲಿದ್ದವು ‘ಬೋರಿಯಾಸ್’ ಮತ್ತು ‘ಪಾಸಾಟ್’ ಎಂಬ ಎರಡು ಡೋರ್ನಿಯರ್ ವಾಲ್ ವಿಮಾನಗಳು. ನೀರಿನ ಮೇಲೆ ಇಳಿಯಬಲ್ಲ ಈ ಮಾದರಿಯ ಹೆಸರಿನಲ್ಲಿರುವ ವಾಲ್ ಎಂಬ ಪದಕ್ಕೆ ಜರ್ಮನ್‌ನಲ್ಲಿ ತಿಮಿಂಗಿಲ ಎಂದೇ ಅರ್ಥ. ತಿಮಿಂಗಿಲದ ಎಣ್ಣೆಗಾಗಿ ಹೊರಟವರು ತಿಮಿಂಗಿಲದಲ್ಲೇ ಕುಳಿತು ಹಾರಿದರು.

1939ರ ಜನವರಿಯ ಮೂರನೆಯ ವಾರದಲ್ಲಿ ಹಿಮದಂಚನ್ನು ತಲುಪಿ, ಫೆಬ್ರುವರಿಯ ಮೊದಲ ವಾರದವರೆಗೆ ಹಾರಾಟ ನಡೆಸಿದರು. ಆ ಕೆಲವೇ ದಿನಗಳಲ್ಲಿ ತೆಗೆದ ಚಿತ್ರಗಳು 11,000ಕ್ಕೂ ಹೆಚ್ಚು. ಚಿತ್ರಗಳಲ್ಲಿ ಸೆರೆಯಾದ ಪ್ರದೇಶ ಸುಮಾರು 3,50,000 ಚದರ ಕಿಲೋಮೀಟರ್. ಸ್ವಸ್ತಿಕ ಕೆತ್ತಿದ ಲೋಹದ ಬಾಣಗಳನ್ನು ಹಿಮದ ಮೇಲೆ ಎಸೆದು ನೆಲ ನಮ್ಮದು ಎಂದು ಗುರುತು ಮಾಡಿದರು. ಇಡೀ ಪ್ರದೇಶಕ್ಕೆ ಹಡಗಿನ ಹೆಸರಿನಿಂದಲೇ ‘ನೋಯ್‌ಶ್ವಾಬೆನ್‌ಲಾಂಡ್’ ಎಂದು ಕರೆದರು. ಪರ್ವತಗಳ ಹೆಸರುಗಳಲ್ಲಿ ಯಾತ್ರೆಯ ಹಾಜರಿ ಪುಸ್ತಕವೇ ಕಾಣುತ್ತದೆ: ಬೋರಿಯಾಸ್ ವಿಮಾನದ ಚಾಲಕ ಶಿರ್ಮಾಕರ್, ಹಡಗಿನ ಕ್ಯಾಪ್ಟನ್ ಕೋಟಾಸ್, ಛಾಯಾಗ್ರಾಹಕರಾದ ಬುಂಡರ್‌ಮಾನ್ ಮತ್ತು ಸೌಟರ್, ವಿಮಾನಯಾನ ಸಚಿವಾಲಯದ ಅಧಿಕಾರಿ ಮ್ಯೂಲಿಗ್-ಹೋಫ್‌ಮಾನ್. ನಡುನಡುವೆ ಹುಂಬೋಲ್ಟ್, ಪೀಟರ್‌ಮಾನ್, ಡ್ರಿಗಾಲ್ಸ್ಕಿ ಎಂಬ ನಿಜವಾದ ಭೂಗೋಳಜ್ಞರ ಹೆಸರುಗಳೂ ಸಿಗುತ್ತವೆ. ವೋಲ್ಟಾಟ್ ಸಮೂಹದಲ್ಲಿರುವ ಗ್ರೂಬರ್ ಪರ್ವತಗಳಿಗೆ, ಆ ಚಿತ್ರಗಳಿಂದ ನಕ್ಷೆ ಸಿದ್ಧಪಡಿಸಿದ ಓಟೊ ಫಾನ್ ಗ್ರೂಬರ್ ಅವರ ಹೆಸರಿದೆ. ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ದುಡಿದು ಪಡೆದ ಹೆಸರೆಂದರೆ ಅದೊಂದೇ.

ಇನ್ನು ನಾರ್ವೆ. ಆ ಕರಾವಳಿ ಅವರಿಗೆ ಹೊಸದಾಗಿರಲಿಲ್ಲ. ಲಾರ್ಸ್ ಕ್ರಿಸ್ಟೆನ್‌ಸೆನ್ ಎಂಬ ತಿಮಿಂಗಿಲ ಬೇಟೆಯ ಉದ್ಯಮಿಯ ಹಡಗುಗಳೂ ವಿಮಾನಗಳೂ ಹತ್ತು ವರ್ಷಗಳಿಂದ ಅಲ್ಲಿ ಓಡಾಡಿದ್ದವು. ಜರ್ಮನರಿಗಿಂತ ಮುಂದಾಗಿ ನಾರ್ವೆಯ ಸರ್ಕಾರ 1939ರ ಜನವರಿ 14ರಂದು, ಅಂದರೆ ಬೋರಿಯಾಸ್ ಮೊದಲ ಬಾರಿ ಮೇಲೇಳುವುದಕ್ಕೆ ಕೆಲವೇ ದಿನ ಮುಂಚೆ, ಪಶ್ಚಿಮ 20 ಡಿಗ್ರಿಯಿಂದ ಪೂರ್ವ 45 ಡಿಗ್ರಿಯವರೆಗಿನ ನೆಲ ತನ್ನ ಅಧೀನ ಎಂದು ರಾಜಾಜ್ಞೆ ಹೊರಡಿಸಿತು. ಹಿಂದಿನ ನವೆಂಬರಿನಲ್ಲಷ್ಟೇ ತೀರಿಕೊಂಡಿದ್ದ ರಾಣಿಯ ಹೆಸರನ್ನು ಹೊತ್ತ ದ್ರೋನಿಂಗ್ ಮೌಡ್ ಲಾಂಡ್ ಇದೇ. ನಕ್ಷೆ ಬರೆಯುವಾಗ ಒಂದು ಎಚ್ಚರ ಇರಲಿ: ಅಮುಂಡ್‌ಸೆನ್ 1911ರಲ್ಲಿ ಧ್ರುವಕ್ಕೆ ಹೋಗುವಾಗ ಹೆಸರಿಸಿದ ಕ್ವೀನ್ ಮೌಡ್ ಪರ್ವತಗಳು ಖಂಡದ ಆಚೆ ಮಗ್ಗುಲಿನಲ್ಲಿ, ರಾಸ್ ಹಿಮಚಾಚಿನ (ನೆಲದಿಂದ ಸಮುದ್ರದ ಮೇಲೆ ಚಾಚಿ ತೇಲುವ ಹಿಮದ ಹಾಸು) ಕಡೆ ಇವೆ. ರಾಣಿ ಒಬ್ಬರೇ, ಜಾಗ ಎರಡು.

ತುಂಗಾತೀರ:

ಮೇಷ್ಟ್ರೇ, ಜರ್ಮನರು ಅಲ್ಲಿ ಹಿಮದ ಕೆಳಗೆ ಗುಪ್ತ ನೆಲೆಯೊಂದನ್ನು ಕಟ್ಟಿದ್ದರೆಂದು ಎಷ್ಟೋ ವಿಡಿಯೊಗಳಲ್ಲಿ ನೋಡಿದ್ದೇನೆ. ಅದರಲ್ಲಿ ಎಷ್ಟು ನಿಜ?

ಭೂಗೋಳದ ಮೇಷ್ಟ್ರು:

ಏನೂ ಇಲ್ಲ. ಹಡಗು ಹಿಮದಂಚಿನಲ್ಲಿ ಇದ್ದದ್ದು ಮೂರು ವಾರಗಳಿಗಿಂತ ಕಡಿಮೆ, ಬೇಸಿಗೆ ಮುಗಿಯುವ ಮುನ್ನವೇ ಹೊರಟು ಏಪ್ರಿಲ್‌ನಲ್ಲಿ ಹ್ಯಾಂಬರ್ಗ್ ಸೇರಿತು. ಯಾತ್ರಿಕರಲ್ಲಿ ಒಬ್ಬರೂ ಪರ್ವತಗಳವರೆಗೆ ನೆಲದ ಮೇಲೆ ಹೋಗಲಿಲ್ಲ. ವೋಲ್ಟಾಟ್ ಪರ್ವತವನ್ನು ಮುಟ್ಟದವರು ಅದರ ಹೊಟ್ಟೆಯೊಳಗೆ ಊರು ಕಟ್ಟುವುದು ಹೇಗೆ? ಮುಂದಿನ ಯಾತ್ರೆಗಳ ಆಲೋಚನೆ ಇತ್ತು, ಆದರೆ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗಿ ಎಲ್ಲವೂ ಅಲ್ಲಿಗೇ ನಿಂತಿತು.

ಹಳೆಯ ಸರ್ವೆಯರ್:

ಯಾರೂ ನೆಲದ ಮೇಲೆ ಪರ್ವತಗಳವರೆಗೆ ಹೋಗಲಿಲ್ಲ ಎಂದು ಮೇಷ್ಟ್ರು ಹೇಳಿದ ಮಾತೇ ಈ ಕತೆಯ ಗಂಟು ಎಂದು ನನಗೆ ಅನ್ನಿಸುತ್ತದೆ. ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದವನಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಮಾನದಿಂದ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದು ನಕ್ಷೆಯಲ್ಲ. ಚಿತ್ರದಲ್ಲಿ ಕಾಣುವ ಕನಿಷ್ಠ ಕೆಲವು ಜಾಗಗಳ ಅಕ್ಷಾಂಶ, ರೇಖಾಂಶ ಮತ್ತು ಎತ್ತರ ನಮಗೆ ನೆಲದ ಅಳತೆಯಿಂದ ಖಚಿತವಾಗಿ ಗೊತ್ತಿರಬೇಕು. ಅವನ್ನು ನಾವು ಕಂಟ್ರೋಲ್ ಪಾಯಿಂಟ್ ಎನ್ನುತ್ತೇವೆ. ಆ ಗೂಟಗಳಿಗೆ ಚಿತ್ರವನ್ನು ಬಿಗಿದು ಕಟ್ಟಿದ ಮೇಲೆಯೇ ಉಳಿದ ಬೆಟ್ಟಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುದು. ರಿಟ್ಷರ್ ಅವರ ತಂಡಕ್ಕೆ ಒಳನಾಡಿನಲ್ಲಿ ಅಂಥ ಗೂಟಗಳು ಇರಲಿಲ್ಲ. ಚಾಲಕನು ದಿಕ್ಕು, ವೇಗ, ಕಳೆದ ಸಮಯ ಇವುಗಳಿಂದ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕಬೇಕು. ಅಡ್ಡಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳಿದ್ದರೆ ಅದು ಅವನಿಗೆ ಪೂರ್ತಿಯಾಗಿ ತಿಳಿಯುವುದಿಲ್ಲ. ಕಾಂತಧ್ರುವದ ಆಟದಿಂದ ದಿಕ್ಸೂಚಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮೇಲಾಗಿ ಆ ಚಿತ್ರಗಳು ನೇರ ಕೆಳಕ್ಕೆ ನೋಡಿ ತೆಗೆದವಲ್ಲ, ಓರೆಯಾಗಿ ತೆಗೆದವು. ಓರೆಚಿತ್ರದಲ್ಲಿ ಹತ್ತಿರದ ಗುಡ್ಡ ದೂರದ ಬೆಟ್ಟವನ್ನು ಮರೆಮಾಡುತ್ತದೆ. ಕಾರ್ಖಾನೆಯಾಗಲಿ ಮರವಾಗಲಿ ಇಲ್ಲದ ಬಿಳಿ ಬಯಲಿನಲ್ಲಿ ದೂರವನ್ನು ಅಂದಾಜು ಮಾಡುವುದು ಇನ್ನೂ ಕಷ್ಟ.

ಯುದ್ಧ ಮುಗಿದ ಮೇಲೆ ನಾರ್ವೆ, ಬ್ರಿಟನ್, ಸ್ವೀಡನ್ ಒಟ್ಟುಗೂಡಿ 1949ರಿಂದ 1952ರವರೆಗೆ ನಡೆಸಿದ ಯಾತ್ರೆ ಮೌಡ್‌ಹೈಮ್ ಎಂಬಲ್ಲಿ ನೆಲೆ ಮಾಡಿಕೊಂಡು, ನಾಯಿಬಂಡಿ ಮತ್ತು ಟ್ರ್ಯಾಕ್ಟರುಗಳಲ್ಲಿ ಒಳಕ್ಕೆ ಹೋಗಿ, ಬಂಡೆಯ ಮೇಲೆ ಕೋನ ಅಳೆಯುವ ಥಿಯೋಡೊಲೈಟ್ ನಿಲ್ಲಿಸಿ ಪಶ್ಚಿಮ ಭಾಗವನ್ನು ಅಳೆಯಿತು. 1956ರಿಂದ 1960ರವರೆಗಿನ ನಾರ್ವೆಯ ಯಾತ್ರೆ ಪೂರ್ವಕ್ಕೆ ಮುಂದುವರಿದು ನೆಲದ ಅಳತೆ, ಹೊಸ ವೈಮಾನಿಕ ಚಿತ್ರಗಳು ಎರಡನ್ನೂ ಸೇರಿಸಿತು. ಆಗ ಜರ್ಮನ್ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಹಲವು ಬೆಟ್ಟಗಳು ಹೇಳಿದ ಜಾಗದಲ್ಲಿ ಇರಲಿಲ್ಲ. ಕೆಲವು ಹೆಸರುಗಳು ಯಾವ ಶಿಖರಕ್ಕೆ ಸೇರಿದವೆಂದೇ ಹೇಳಲಾಗಲಿಲ್ಲ. ಗುರುತು ಹಿಡಿಯಲು ಸಾಧ್ಯವಾದ ದೊಡ್ಡ ಸಮೂಹಗಳ ಹೆಸರುಗಳನ್ನು ನಾರ್ವೆಯವರು ಉಳಿಸಿಕೊಂಡರು, ಉಳಿದವಕ್ಕೆ ತಮ್ಮ ಹೆಸರುಗಳನ್ನಿಟ್ಟರು. ವೋಲ್ಟಾಟ್ ಎಂಬ ಹೆಸರು ಉಳಿದದ್ದು ಆ ಅಧಿಕಾರಿಯ ಮೇಲಿನ ಗೌರವದಿಂದಲ್ಲ, ಆ ಪರ್ವತ ತಪ್ಪು ನಕ್ಷೆಯಲ್ಲೂ ಗುರುತು ಸಿಗುವಷ್ಟು ದೊಡ್ಡದಾಗಿದ್ದರಿಂದ. ಅಳತೆಪಟ್ಟಿ ಹಿಡಿದವನು ಒಪ್ಪಿದ ಹೆಸರೇ ನಿಲ್ಲುತ್ತದೆ ಎಂದು ನಾನು ವೃತ್ತಿಯ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದುಕೊಂಡರೂ ಚಿಂತೆಯಿಲ್ಲ.

ನುಡಿಗಂಟು:

ಸರ್ವೆಯರ್ ಅವರ ವಿವರಣೆಗೆ ಒಂದು ಸೇರ್ಪಡೆ. ನಾರ್ವೆಯವರು ಜರ್ಮನ್ ಹೆಸರುಗಳನ್ನು ಉಳಿಸಿಕೊಂಡದ್ದನ್ನು ಬರೀ ತಾಂತ್ರಿಕ ತೀರ್ಮಾನವೆಂದು ಬಿಟ್ಟುಬಿಡಬಾರದು, ಕಾಲವನ್ನು ನೆನಪಿಸಿಕೊಳ್ಳಬೇಕು. ಶ್ವಾಬೆನ್‌ಲಾಂಡ್ ಊರಿಗೆ ಮರಳಿದ ಮರುವರ್ಷ, 1940ರ ಏಪ್ರಿಲ್ 9ರಂದು, ಜರ್ಮನಿ ನಾರ್ವೆಯ ಮೇಲೆಯೇ ದಾಳಿ ಮಾಡಿ ಐದು ವರ್ಷ ಆ ದೇಶವನ್ನು ಆಕ್ರಮಿಸಿಕೊಂಡಿತ್ತು. ಆ ಗಾಯ ಆರುವ ಮೊದಲೇ ಓಸ್ಲೋದ ನಕ್ಷೆಕಾರರು ಗೋರಿಂಗ್‌ನ ಕಚೇರಿಯ ಅಧಿಕಾರಿಯೊಬ್ಬನ ಹೆಸರನ್ನು ತಮ್ಮ ನಕ್ಷೆಯಲ್ಲಿ ‘ವೋಲ್ಟಾಟ್‌ಮಸಿವೆ’ ಎಂದು ನಾರ್ವೇಜಿಯನ್ ಪ್ರತ್ಯಯ ಹಚ್ಚಿ ಬರೆದರು.

ಆದರೆ ಅವರು ಸುಮ್ಮನೆ ಕೂರಲಿಲ್ಲ. ಪಶ್ಚಿಮಕ್ಕಿರುವ ಇನ್ನೊಂದು ಪರ್ವತ ಶ್ರೇಣಿಗೆ ‘ಹೈಮೆಫ್ರಂಟ್‌ಫ್ಯೆಲ್ಲಾ’ ಎಂದು ಹೆಸರಿಟ್ಟರು. ಹೈಮೆಫ್ರಂಟ್ ಎಂದರೆ ಜರ್ಮನ್ ಆಕ್ರಮಣದ ವಿರುದ್ಧ ನಾಡಿನೊಳಗೇ ಇದ್ದು ಹೋರಾಡಿದವರ ಬಣ. ಫ್ಯೆಲ್ಲಾ ಎಂದರೆ ಪರ್ವತಗಳು. ಅದರ ಒಂದು ಭಾಗಕ್ಕೆ ಸಶಸ್ತ್ರ ಹೋರಾಟದ ಸಂಘಟನೆಯಾದ ಮಿಲೋರ್ಗ್‌ನ ಹೆಸರು, ಇನ್ನೊಂದಕ್ಕೆ ನಾಗರಿಕ ಪ್ರತಿರೋಧದ ಸಿವೋರ್ಗ್‌ನ ಹೆಸರು, ಮತ್ತೊಂದಕ್ಕೆ ಗುಪ್ತಚರ ಜಾಲವಾಗಿದ್ದ ಎಕ್ಸ್‌ಯು ಹೆಸರು. ಇಲ್ಲೊಂದು ಸ್ವಾರಸ್ಯವಿದೆ. ಮಿಲೋರ್ಗ್ ಪರ್ವತಗಳನ್ನು ಜರ್ಮನರು ಇಂದಿಗೂ ಕರೆಯುವುದು ಶ್ವಾಬೆನ್‌ಲಾಂಡ್‌ನ ಕ್ಯಾಪ್ಟನ್ ಕೋಟಾಸ್ ಅವರ ಹೆಸರಿನಿಂದ. ಒಂದೇ ಬಂಡೆ, ಒಬ್ಬರಿಗೆ ಹಡಗಿನ ಕ್ಯಾಪ್ಟನ್, ಇನ್ನೊಬ್ಬರಿಗೆ ಅದೇ ದೇಶದ ಸೈನ್ಯವನ್ನು ಎದುರಿಸಿದ ಗುಪ್ತಸೇನೆ.

ವ್ಯಕ್ತಿಗಳ ಹೆಸರಿನ ಗೊಡವೆಯೇ ಬೇಡವೆಂದು ಅವರು ಪುರಾಣಕ್ಕೆ ಹೊರಳಿದ ಕಡೆಗಳಲ್ಲಿ ಹೆಸರುಗಳು ಇನ್ನೂ ಚೆಂದವಾಗಿವೆ. ಓರ್ವಿನ್ ಪರ್ವತಗಳಲ್ಲಿ ‘ಉಲ್ವೆತಾನ್ನಾ’ ಎಂಬ ಶಿಖರವಿದೆ, ಎತ್ತರ 2,931 ಮೀಟರ್, ಹೆಸರಿನ ಅರ್ಥ ತೋಳನ ಹಲ್ಲು. ಅದು ಎದ್ದು ನಿಂತಿರುವುದು ‘ಫೆನ್ರಿಸ್‌ಶೆಫ್ಟೆನ್’ ಎಂಬಲ್ಲಿ, ಅಂದರೆ ನಾರ್ಡಿಕ್ ಪುರಾಣದ ಫೆನ್ರಿಸ್ ಎಂಬ ಮಹಾತೋಳನ ದವಡೆಯಲ್ಲಿ. 1994ರಲ್ಲಿ ನಾರ್ವೆಯ ಆರೋಹಿಗಳು ಅದನ್ನು ಮೊದಲ ಬಾರಿ ಏರಿದರು. ಕುದುರೆಮುಖವನ್ನು ಹೆಸರಿಸಿದವರಂತೆ ಇವರೂ ಬೆಟ್ಟದ ಮುಖ ನೋಡಿ ಹೆಸರಿಟ್ಟಿದ್ದಾರೆ. ಅಂಥ ಹೆಸರು ಯಾವ ಸರ್ಕಾರ ಬಿದ್ದರೂ ಮುಜುಗರ ತರುವುದಿಲ್ಲ.

ತುಂಗಾತೀರ:

ಹಾಗಾದರೆ ವೋಲ್ಟಾಟ್ ಎಂಬ ಹೆಸರನ್ನು ಈಗಲಾದರೂ ಅಳಿಸಬಾರದೇಕೆ? ನಾತ್ಸಿ ಆಡಳಿತಕ್ಕೆ ದುಡಿದವನ ಹೆಸರು ನಮ್ಮ ಮಕ್ಕಳ ನಕ್ಷೆಯಲ್ಲಿ ಯಾಕಿರಬೇಕು?

ಭೂಗೋಳದ ಮೇಷ್ಟ್ರು:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಆ ಹೆಸರು ಹೋದರೆ ತಿಮಿಂಗಿಲದ ಎಣ್ಣೆ, ಸ್ವಸ್ತಿಕದ ಬಾಣ, ಅವಸರದ ರಾಜಾಜ್ಞೆ ಎಲ್ಲವೂ ಅದರ ಜೊತೆಗೇ ನಕ್ಷೆಯಿಂದ ಹೋಗುತ್ತವೆ. ಉಳಿಯುವುದು ಯಾರೋ ಸಾಧುಗಳು ಹೋಗಿ ಕಂಡುಹಿಡಿದ ನಿಷ್ಪಾಪ ಪರ್ವತ. ಇನ್ನೊಂದು ಮಾತು, ಅಳಿಸುವ ಅಧಿಕಾರ ಇರುವುದು ಯಾರಿಗೆ?

ಹಳೆಯ ಸರ್ವೆಯರ್:

ಯಾರಿಗೂ ಇಲ್ಲ ಎನ್ನುವುದೇ ಉತ್ತರ. 1959ರ ಡಿಸೆಂಬರ್ 1ರಂದು ಹನ್ನೆರಡು ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕ್ ಒಪ್ಪಂದದ ನಾಲ್ಕನೆಯ ವಿಧಿ, ನೆಲದ ಮೇಲಿನ ಹಕ್ಕುಗಳನ್ನು ಇದ್ದಲ್ಲಿಯೇ ತಡೆದು ನಿಲ್ಲಿಸಿತು: ಹಳೆಯದನ್ನು ಬಿಟ್ಟುಕೊಡಬೇಕಿಲ್ಲ, ಹೊಸದನ್ನು ಸಾಧಿಸುವಂತಿಲ್ಲ. ಹೆಸರುಗಳಿಗೂ ಅದರ ನೆರಳು ಬಿದ್ದಿದೆ. ಪ್ರತಿ ದೇಶವೂ ತನ್ನದೇ ಸಮಿತಿಯ ಮೂಲಕ ಹೆಸರಿಡುತ್ತದೆ, ಇನ್ನೊಂದು ದೇಶ ಅದನ್ನು ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. ಪಶ್ಚಿಮ ಜರ್ಮನಿ ಕೂಡ 1939ರ ಹೆಸರುಗಳ ಪಟ್ಟಿಯನ್ನು 1952ರಲ್ಲಿ ತನ್ನ ರಾಜಪತ್ರದಲ್ಲಿ ಪ್ರಕಟಿಸಿತು. ನೆಲದ ಹಕ್ಕು ಹೋಗಿತ್ತು, ಹೆಸರಿನ ಹಕ್ಕನ್ನು ಬಿಡಲಿಲ್ಲ. ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಿತಿಯಾದ ಸ್ಕಾರ್ 1992ರಲ್ಲಿ ಆರಂಭಿಸಿದ ಸಂಯುಕ್ತ ಹೆಸರುಪಟ್ಟಿ ಇವೆಲ್ಲವನ್ನೂ ಒಂದೇ ಕಡೆ ಬರೆದಿಡುತ್ತದೆಯೇ ಹೊರತು, ಇದು ಸರಿ ಅದು ತಪ್ಪು ಎಂದು ಪಂಚಾಯಿತಿ ಮಾಡುವುದಿಲ್ಲ. ಆ ಪಟ್ಟಿಯಲ್ಲಿ 37,000ಕ್ಕೂ ಹೆಚ್ಚು ಹೆಸರುಗಳಿವೆ, ಜಾಗಗಳು ಮಾತ್ರ ಅದರ ಅರ್ಧದಷ್ಟು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಬೆಣಚುಕಲ್ಲು:

ತಡವಾಗಿ ಬಂದೆ, ಕ್ಷಮಿಸಿ. ನಾನು ಭೂವಿಜ್ಞಾನದ ವಿದ್ಯಾರ್ಥಿ. ಹೆಸರಿನ ಚರ್ಚೆಯಲ್ಲಿ ಕಲ್ಲನ್ನೇ ಮರೆತಿದ್ದೀರಿ.

ಗ್ರೂಬರ್ ಪರ್ವತಗಳ ಬಹುಭಾಗ ಅನಾರ್ಥೊಸೈಟ್ ಎಂಬ ಶಿಲೆಯಿಂದಾಗಿದೆ. ನೆಲದಾಳದಲ್ಲಿ ಕರಗಿದ ಶಿಲಾರಸದಿಂದ ಸುಮಾರು 60 ಕೋಟಿ ವರ್ಷಗಳ ಹಿಂದೆ ಹೆಪ್ಪುಗಟ್ಟಿದ ಈ ಶಿಲೆಯಲ್ಲಿ ಒಂದೇ ಬಗೆಯ ಖನಿಜದ್ದೇ ಮೇಲುಗೈ. ಚಂದ್ರನ ಮೇಲೆ ನಮಗೆ ಬೆಳ್ಳಗೆ ಕಾಣುವ ಎತ್ತರದ ಭಾಗಗಳೂ ಇದೇ ಜಾತಿಯ ಶಿಲೆಯವು. ಆ ಪರ್ವತಗಳ ಮಡಿಲಲ್ಲಿ ಉಂಟರ್‌ಝೇ ಎಂಬ ಕೆರೆಯಿದೆ. ಹನ್ನೊಂದು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ವಿಸ್ತಾರ, ಅತಿ ಹೆಚ್ಚಿನ ಆಳ 169 ಮೀಟರ್, ಮೇಲೆ ವರ್ಷವಿಡೀ ಕರಗದ ಹಿಮದ ಮುಚ್ಚಳ. ಅದರ ತಳದಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಶಂಕುವಿನ ಆಕಾರದ ದಿಬ್ಬಗಳನ್ನು ಎಬ್ಬಿಸಿವೆ. ಭೂಮಿಯ ಮೊದಲ ಜೀವಿಗಳು ಬಿಟ್ಟುಹೋದ ಕಲ್ಲಾದ ಗುರುತುಗಳಿಗೆ ಅವು ಹೋಲುವುದರಿಂದ ಜೀವವಿಜ್ಞಾನಿಗಳು ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಾರೆ. 1939ರಲ್ಲಿ ಮೇಲಿನಿಂದ ಹಾರಿಹೋದವರಿಗೆ ಅದೊಂದು ಬಿಳಿ ತಟ್ಟೆಯಾಗಿ ಮಾತ್ರ ಕಂಡಿರಬೇಕು.

ರಷ್ಯದವರ ಪಾಲನ್ನೂ ಹೇಳಬೇಕು. 1961ರ ಜನವರಿಯಲ್ಲಿ ಶಿರ್ಮಾಕರ್ ಓಯಸಿಸ್ಸಿನಲ್ಲಿ ನೊವೊಲಜರೆವ್‌ಸ್ಕಯಾ ನೆಲೆಯನ್ನು ತೆರೆದ ಮೇಲೆ ಸೋವಿಯತ್ ಭೂವಿಜ್ಞಾನಿಗಳು ಈ ಪರ್ವತಗಳನ್ನು ವ್ಯವಸ್ಥಿತವಾಗಿ ಪರಿಶೀಲಿಸಿದರು, ಹೆಸರಿಲ್ಲದ ಕಡೆ ರಷ್ಯನ್ ಹೆಸರುಗಳನ್ನಿಟ್ಟರು. ನೆಲೆಯ ಹೆಸರಿನಲ್ಲಿರುವ ಲಜರೆವ್, 1820ರ ಜನವರಿಯಲ್ಲಿ ಬೆಲಿಂಗ್ಸ್‌ಹೌಸೆನ್ ಜೊತೆ ಬಂದು ಇದೇ ಕರಾವಳಿಯ ಪಶ್ಚಿಮ ಭಾಗದಲ್ಲಿ ಹಿಮದ ಅಂಚನ್ನು ಕಂಡ ನಾವಿಕ. ಮೊದಲು ಕಂಡವರು ಎಂಬ ಮಾತನ್ನೇ ಹಿಡಿದು ಹೊರಟರೆ ಜರ್ಮನರೂ ನಾರ್ವೆಯವರೂ ಸರದಿಯಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ.

ಭಾರತದ ಮೊದಲ ತಂಡ ಎಸ್. ಝಡ್. ಖಾಸಿಮ್ ಅವರ ನಾಯಕತ್ವದಲ್ಲಿ ಗೋವೆಯಿಂದ ಹೊರಟು 1982ರ ಜನವರಿಯಲ್ಲಿ ಅಲ್ಲಿ ಇಳಿಯಿತು. ಹಿಮಚಾಚಿನ ಮೇಲೆ 1983-84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ನೆಲೆ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಗತೊಡಗಿದ್ದರಿಂದ, ಗಟ್ಟಿ ಬಂಡೆಯಿರುವ ಶಿರ್ಮಾಕರ್‌ನಲ್ಲಿ ಮೈತ್ರಿ ಎದ್ದಿತು. ಅದರ ಎದುರಿನ ಕೆರೆಗೆ ಪ್ರಿಯದರ್ಶಿನಿ ಎಂದು ಹೆಸರಿಟ್ಟರು. ಇಂದಿರಾ ಗಾಂಧಿಯವರ ಹೆಸರಿನ ಆ ಕೆರೆಯ ನೀರನ್ನೇ ನೆಲೆಯಲ್ಲಿ ಬಳಸುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಅಲ್ಲಿಂದ ವೋಲ್ಟಾಟ್‌ನ ಹುಂಬೋಲ್ಟ್, ಪೀಟರ್‌ಮಾನ್ ಸಾಲುಗಳಿಗೆ ಹೋಗಿ ಶಿಲಾನಕ್ಷೆ ಬರೆದಿದ್ದಾರೆ. ಹಳೆಯ ಹೆಸರುಗಳನ್ನು ಅವರು ಬದಲಿಸಲಿಲ್ಲ, ಆ ಹೆಸರುಗಳ ಕೆಳಗೆ ಕಲ್ಲಿನ ವಿವರ ತುಂಬಿದರು. ಮೇಷ್ಟ್ರು ಹೇಳಿದ ‘ದುಡಿದು ಪಡೆದ ಹೆಸರು’ ಎಂಬ ಅಳತೆಗೋಲನ್ನು ಹಿಡಿದರೆ ಅವರದೂ ನಾಲ್ಕು ಹೆಸರು ಅಲ್ಲಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ, ಆದರೆ ಅದು ನನ್ನ ಪಕ್ಷಪಾತ.

ನಕ್ಷೆಮನೆ:

ಎಲ್ಲರಿಗೂ ಋಣಿ. ನಾನೀಗ ಹೀಗೆ ಮಾಡುತ್ತೇನೆ: ಪರ್ವತ ಸಮೂಹಕ್ಕೆ ವೋಲ್ಟಾಟ್ ಎಂದೇ ಬರೆಯುತ್ತೇನೆ, ಪಶ್ಚಿಮದ ಶ್ರೇಣಿಗೆ ಮಿಲೋರ್ಗ್ ಮತ್ತು ಕೋಟಾಸ್ ಎರಡನ್ನೂ ಒಂದರ ಕೆಳಗೊಂದು ಬರೆಯುತ್ತೇನೆ, ಉಲ್ವೆತಾನ್ನಾದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತೋಳನ ಹಲ್ಲು ಎಂದು ಸೇರಿಸುತ್ತೇನೆ. ನುಡಿಗಂಟು ಮೇಡಂ, ಉಚ್ಚಾರಣೆಯಲ್ಲಿ ತಪ್ಪಿದ್ದರೆ ತಿದ್ದಿ. ಭಾರತದ ಕೆಲವು ವರದಿಗಳನ್ನು ಓದಿಕೊಂಡು ನಾನು ಮೊದಲು ‘ವೋಲ್ಥಟ್’ ಎಂದೂ ‘ಉಂಟರ್‌ಸೀ ಸರೋವರ’ ಎಂದೂ ಬರೆದಿಟ್ಟಿದ್ದೆ.

ನುಡಿಗಂಟು:

ವೋಲ್ಟಾಟ್ ಸರಿ, ಜರ್ಮನ್ ಹೆಸರಿನ ಆ ಜಾಗದಲ್ಲಿ ಮಹಾಪ್ರಾಣ ಇಲ್ಲ. ಕಾಗುಣಿತದಲ್ಲಿ ಒಂದು ಅಕ್ಷರ ಕಡಿಮೆಯಾದರೆ ಆ ಪದಕ್ಕೆ ಜರ್ಮನ್‌ನಲ್ಲಿ ಉಪಕಾರ ಎಂಬ ಅರ್ಥವಿದೆ, ಯಾರಿಗೆ ಉಪಕಾರವೋ ನೀವೇ ತೀರ್ಮಾನಿಸಿ. ಆದರೆ ‘ಸರೋವರ’ವನ್ನು ಮಾತ್ರ ದಯವಿಟ್ಟು ಅಳಿಸಿಬಿಡಿ. ಉಂಟರ್ ಎಂದರೆ ಕೆಳಗಿನ, ಝೇ ಎಂದರೆ ಕೆರೆ. ಮೇಲ್ಗಡೆ ಓಬರ್‌ಝೇ ಎಂಬ ಮೇಲಿನ ಕೆರೆಯೂ ಇದೆ. ಉಂಟರ್‌ಝೇ ಸರೋವರ ಎಂದು ಬರೆದರೆ ನಿಮ್ಮ ಮಕ್ಕಳು ಓದುವುದು ‘ಕೆಳಗಿನ ಕೆರೆ ಕೆರೆ’ ಎಂದಾಗುತ್ತದೆ.